ಮುಖಪುಟದಲ್ಲಿ ಕಾಣುವ ಫೋಟೊ ಒಳಪುಟದಲ್ಲಿ ಏಕೆ ಮಾಯ?

ಪ್ರಶ್ನೆ: ನಮ್ಮೂರಿನ ಲಕ್ಷ್ಮೀನರಸಿಂಹ ದೇವಾಲಯ, ಶಿವಮೊಗ್ಗದ ಶಿವಪ್ಪ ನಾಯಕ ಅರಮನೆ ಇವುಗಳ ಬಗ್ಗೆ ಜ್ಯಾಂಗೋ ಬಳಸಿ ವೆಬ್‌ಸೈಟ್ ಮಾಡುತ್ತಿದ್ದೇನೆ. ದೇವಾಲಯದ ಫೋಟೊ ಮುಖಪುಟದಲ್ಲಿ ಬರುತ್ತದೆ. ಅದೇ ಸಾಲನ್ನು ಭದ್ರಾವತಿ ಪುಟಕ್ಕೆ ಹಾಕಿದರೆ ಬರುವುದಿಲ್ಲ. ಫೈಲ್ ಫೋಲ್ಡರಿನಲ್ಲೇ ಇದೆಯಲ್ಲ?
– ಓದುಗರು, ಭದ್ರಾವತಿ

ಉತ್ತರ: ನಿಮ್ಮ ಫೋಲ್ಡರ್ ಬ್ರೌಸರಿಗೆ ಕಾಣುವುದಿಲ್ಲ. ಅದಕ್ಕೆ ಗೊತ್ತಿರುವುದು ವಿಳಾಸ ಮಾತ್ರ. ನೀವು ಟೆಂಪ್ಲೇಟಿನಲ್ಲಿ 'ಸ್ಟ್ಯಾಟಿಕ್/ಗುಡಿ.ಜೆಪಿಜಿ' ಎಂದಷ್ಟೇ ಬರೆದಿದ್ದೀರಿ ಅಂದುಕೊಳ್ಳುತ್ತೇನೆ. "ಬಲಕ್ಕೆ ಮೂರನೇ ಕಟ್ಟಡ" ಎಂದು ಗೋಪಿ ಸರ್ಕಲ್‌ನಲ್ಲಿ ನಿಂತವರಿಗೆ ಹೇಳಿದರೆ ಒಂದು ಕಟ್ಟಡ ಸಿಗುತ್ತದೆ, ರಂಗಪ್ಪ ಸರ್ಕಲ್‌ನಲ್ಲಿ ನಿಂತವರಿಗೆ ಬೇರೆಯದೇ ಸಿಗುತ್ತದೆ. ಹಾಗೆಯೇ ಮುಖಪುಟದಲ್ಲಿದ್ದಾಗ ಬ್ರೌಸರು '/ಸ್ಟ್ಯಾಟಿಕ್/ಗುಡಿ.ಜೆಪಿಜಿ' ಎಂದು ಸರಿಯಾಗಿ ಕೇಳುತ್ತದೆ. ಭದ್ರಾವತಿ ಪುಟದಲ್ಲಿದ್ದಾಗ '/ಭದ್ರಾವತಿ/ಸ್ಟ್ಯಾಟಿಕ್/ಗುಡಿ.ಜೆಪಿಜಿ' ಎಂದು ಕೇಳುತ್ತದೆ. ಅಂಥ ವಿಳಾಸವೇ ಇಲ್ಲ, ಸರ್ವರು 404 ಎನ್ನುತ್ತದೆ.

ಮೊದಲಲ್ಲಿ ಒಂದು ಓರೆಗೆರೆ ಸೇರಿಸಿದರೆ ಇವತ್ತಿನ ಮಟ್ಟಿಗೆ ಫೋಟೊ ಬರುತ್ತದೆ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ನಾಳೆ ಫೋಟೊಗಳನ್ನು ಬೇರೆ ಸರ್ವರಿಗೆ ಸಾಗಿಸಿದರೆ ಪ್ರತಿ ಟೆಂಪ್ಲೇಟನ್ನೂ ತಿದ್ದುತ್ತ ಕೂರಬೇಕಾಗುತ್ತದೆ. ವಿಳಾಸ ಕಟ್ಟುವ ಕೆಲಸವನ್ನು ಜ್ಯಾಂಗೋಗೇ ಬಿಡಿ. ಟೆಂಪ್ಲೇಟಿನ ಆರಂಭದಲ್ಲಿ 'ಲೋಡ್ ಸ್ಟ್ಯಾಟಿಕ್' ಟ್ಯಾಗ್ ಹಾಕಿ, ಚಿತ್ರದ ವಿಳಾಸ ಬರಬೇಕಾದ ಕಡೆ 'ಸ್ಟ್ಯಾಟಿಕ್' ಟ್ಯಾಗ್ ಬರೆದು, ಅದರ ಮುಂದೆ ಸ್ಟ್ಯಾಟಿಕ್ ಫೋಲ್ಡರಿನ ಒಳಗಿನ ದಾರಿಯನ್ನಷ್ಟೇ ಕೊಡಿ. ಸೆಟ್ಟಿಂಗ್ಸ್ ಫೈಲಿನ 'ಸ್ಟ್ಯಾಟಿಕ್ ಯುಆರ್‌ಎಲ್' ನೋಡಿಕೊಂಡು ಜ್ಯಾಂಗೋ ಪೂರ್ತಿ ವಿಳಾಸ ಮಾಡಿಕೊಡುತ್ತದೆ. ಬೇಸ್ ಟೆಂಪ್ಲೇಟಿನಲ್ಲಿ ಲೋಡ್ ಮಾಡಿದ್ದರೂ ಅದನ್ನು ವಿಸ್ತರಿಸುವ ಪುಟದಲ್ಲಿ ಮತ್ತೆ ಲೋಡ್ ಮಾಡಲೇಬೇಕು. ಬಹಳ ಜನ ಎಡವುವುದು ಇಲ್ಲೇ. ಫ್ಲಾಸ್ಕ್ ಬಳಸುವವರಿಗೆ ಇದೇ ಕೆಲಸಕ್ಕೆ 'ಯುಆರ್‌ಎಲ್ ಫಾರ್' ಇದೆ.

ಸೈಟನ್ನು ಊರಿಗೆಲ್ಲ ತೆರೆದ ದಿನ ಇನ್ನೊಂದು ತೊಂದರೆ ಎದುರಾಗುತ್ತದೆ. ಡೀಬಗ್ ನಿಲ್ಲಿಸಿದೊಡನೆ ಜ್ಯಾಂಗೋ ಸ್ಟ್ಯಾಟಿಕ್ ಫೈಲುಗಳನ್ನು ತಾನಾಗಿ ಬಡಿಸುವುದಿಲ್ಲ. 'ಕಲೆಕ್ಟ್‌ಸ್ಟ್ಯಾಟಿಕ್' ಆಜ್ಞೆಯಿಂದ ಎಲ್ಲವನ್ನೂ ಒಂದೇ ಫೋಲ್ಡರಿಗೆ ತುಂಬಿ, ಎಂಜಿನ್‌ಎಕ್ಸ್‌ನಂಥ ವೆಬ್ ಸರ್ವರಿಗೋ ವೈಟ್‌ನಾಯ್ಸಿಗೋ ಒಪ್ಪಿಸಬೇಕು. ಫೈಲ್ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರದ ಮೇಲೂ ಕಣ್ಣಿಡಿ. ವಿಂಡೋಸ್ ಎರಡನ್ನೂ ಒಂದೇ ಎಂದು ಒಪ್ಪಿಕೊಳ್ಳುತ್ತದೆ, ಲಿನಕ್ಸ್ ಸರ್ವರು ಒಪ್ಪುವುದಿಲ್ಲ. ಎಲ್ಲವನ್ನೂ ಚಿಕ್ಕಕ್ಷರದಲ್ಲೇ ಇಡುವುದು ಕ್ಷೇಮ.

ದೇವಾಲಯಕ್ಕೆ ಬಂದವರು ತಾವು ತೆಗೆದ ಫೋಟೊಗಳನ್ನೂ ಸೈಟಿಗೆ ಕಳುಹಿಸಲಿ ಎಂದಿದ್ದರೆ, ಅವು ಸ್ಟ್ಯಾಟಿಕ್ ಅಲ್ಲ, ಮೀಡಿಯಾ. ಅವುಗಳ ಫೋಲ್ಡರು, ಸೆಟ್ಟಿಂಗು ಎರಡೂ ಬೇರೆ. ಬೆರೆಸಬೇಡಿ.

ಮೊದಲು ಬ್ರೌಸರಿನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ವಿಭಾಗ ತೆರೆದು ಪುಟವನ್ನು ರಿಫ್ರೆಶ್ ಮಾಡಿ. ಯಾವ ವಿಳಾಸಕ್ಕೆ 404 ಬಂದಿದೆ ಎಂದು ಓದಿ. ಮೇಲೆ ಹೇಳಿದ್ದನ್ನೆಲ್ಲ ಮಾಡಿದ ಮೇಲೂ ಫೋಟೊ ಬಾರದಿದ್ದರೆ ಆ ವಿಳಾಸವನ್ನು ಇದ್ದ ಹಾಗೆಯೇ ನಮಗೆ ಬರೆದು ಕಳುಹಿಸಿ.