ಬಿಸಿ ಹಬ್ಬನ್ನು ಹಳ್ಳಕ್ಕೆ ಇಳಿಸಬೇಡ

ತಮ್ಮಾ, ಮೊನ್ನೆ ಹಳಿಯಾಳದ ಪೇಟೆಯಲ್ಲಿ ನೀನು ಹೊಸದಾಗಿ ಕೊಂಡ ಜೀಪು ತೋರಿಸಿದೆಯಲ್ಲ, ನೋಡಿ ಮನಸ್ಸು ತುಂಬಿ ಬಂತು. ಹಳೇ ಮಹೀಂದ್ರಾ ಆದರೂ ಮೈಕಟ್ಟು ಗಟ್ಟಿ ಇದೆ. ಆದರೆ ನೀನು ಹೊರಟು ಹೋಗುವಾಗ ಮುಂದಿನ ಎಡಗಾಲಿಯಿಂದ ಸಣ್ಣಗೆ ಗುಂಯ್ ಅನ್ನುವ ಸದ್ದು ಬಂತು. ಅದು ಟಯರಿನ ಸದ್ದಲ್ಲ. ಜೋಯಿಡಾದ ನಿನ್ನ ಹೋಂಸ್ಟೇಗೆ ಬರುವ ಜನರನ್ನು ಇದೇ ಗಾಡಿಯಲ್ಲಿ ಸುತ್ತಾಡಿಸುತ್ತೇನೆ ಅಂದೆ. ಅದಕ್ಕೇ ಈ ನಾಲ್ಕು ಮಾತು.

ಉಳವಿ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬರುವವರನ್ನು ಚಿಕ್ಕಂದಿನಿಂದ ನೋಡಿದ್ದೀಯ. ಕಾಡಿನ ದಾರಿ ಹಿಡಿಯುವ ಮೊದಲು ಹಿರಿಯರು ಏನು ಮಾಡುತ್ತಿದ್ದರು? ಎತ್ತಿಗೆ ನೀರು ಕುಡಿಸಿ, ಗಾಲಿಗೆ ಕೀಲೆಣ್ಣೆ ಹಾಕಿ, ಕಡಾಣಿ ಗಟ್ಟಿ ಇದೆಯೇ ಎಂದು ಕೈಯಿಂದ ಮುಟ್ಟಿ ನೋಡುತ್ತಿದ್ದರು. ನಿನ್ನ ಜೀಪಿನ ಗಾಲಿಯ ನಡುಭಾಗ, ಅಂದರೆ ಹಬ್ಬೂ ಅಷ್ಟೇ. ಅಚ್ಚಿನ ಜಾಗಕ್ಕೆ ಸ್ಪಿಂಡಲ್ ಬಂದಿದೆ, ಕೀಲೆಣ್ಣೆಯ ಜಾಗಕ್ಕೆ ಗ್ರೀಸ್ ಬಂದಿದೆ, ಕಡಾಣಿಯ ಕೆಲಸವನ್ನು ಎರಡು ನಟ್ಟು ಮತ್ತು ನಡುವಿನ ಲಾಕ್ ವಾಷರ್ ಮಾಡುತ್ತವೆ. ಒಳಗೆ ಒಂದು, ಹೊರಗೆ ಒಂದು, ಹೀಗೆ ಮುಂದಿನ ಗಾಲಿಗೆ ಎರಡು ಟೇಪರ್ ಬೇರಿಂಗ್. ಅಮೆರಿಕದ ಹೆನ್ರಿ ಟಿಮ್ಕೆನ್ 1898ರಲ್ಲಿ ಪೇಟೆಂಟ್ ಪಡೆದದ್ದು ಇದಕ್ಕೇ. ಅವನೂ ಕುದುರೆ ಗಾಡಿ ಕಟ್ಟುವ ಕಸುಬಿನವನು. ಗಾಡಿ ತಿರುವಿನಲ್ಲಿ ವಾಲಿದಾಗ ಪಕ್ಕದಿಂದ ಬೀಳುವ ಭಾರವನ್ನೂ ತಡೆಯಲಿ ಎಂದು ರೋಲರುಗಳನ್ನು ಓರೆಯಾಗಿ ಕೂರಿಸಿದ. ಘಟ್ಟದ ತಿರುವುಗಳಲ್ಲಿ ನಿನ್ನನ್ನು ಕಾಯುವುದು ಆ ಓರೆಯೇ.

ನಮ್ಮ ಕಡೆ ಈ ಬೇರಿಂಗಿಗೆ ಎರಡು ವೈರಿ. ಹಳಿಯಾಳ, ಮುಂಡಗೋಡದ ಬಯಲಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಎಬ್ಬಿಸುವ ಹಿಟ್ಟಿನಂಥ ಧೂಳು ಒಂದು. ಜೋಯಿಡಾ ಕಡೆಯ ನೀರು ಇನ್ನೊಂದು. ಧೂಳು ನಿಧಾನಕ್ಕೆ ತಿನ್ನುತ್ತದೆ, ಹಬ್ಬಿನ ಬಾಯಿ ಮುಚ್ಚುವ ಸೀಲ್ ಚೆನ್ನಾಗಿದ್ದರೆ ಹೊರಗೇ ಉಳಿಯುತ್ತದೆ. ನೀರು ಹಾಗಲ್ಲ. ಹತ್ತು ಮೈಲಿ ಓಡಿದ ಹಬ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ನೀನು ಬಂದ ರಭಸಕ್ಕೇ ಹಳ್ಳಕ್ಕೆ ಇಳಿಸುತ್ತೀಯ. ತಣ್ಣೀರು ತಾಗಿದೊಡನೆ ಒಳಗಿನ ಗಾಳಿ ಕುಗ್ಗಿ, ಸೀಲಿನ ತುಟಿಯ ಸಂದಿನಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಏನೂ ಆಗಿರುವುದಿಲ್ಲ. ಹಳ್ಳದ ದಂಡೆಯಲ್ಲಿ ಹದಿನೈದು ನಿಮಿಷ ಗಾಡಿ ನಿಲ್ಲಿಸು. ಬಂದವರು ಇಳಿದು ಫೋಟೋ ತೆಗೆದುಕೊಳ್ಳಲಿ. ಆಮೇಲೆ ದಾಟಿಸು.

ಒಳಗೆ ಹೋದ ನೀರು ಗಾಡಿ ಓಡುವಾಗ ಮಾಡುವ ಹಾನಿಗಿಂತ ನಿಂತಾಗ ಮಾಡುವುದೇ ಹೆಚ್ಚು. ಮಳೆಗಾಲದಲ್ಲಿ ಜನ ಬರುವುದು ಕಡಿಮೆ ಎಂದು ಹೋಂಸ್ಟೇಯವರು ತಿಂಗಳುಗಟ್ಟಲೆ ಜೀಪನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿಬಿಡುತ್ತೀರಿ. ಆಗ ರೋಲರು ಬೇರಿಂಗಿನ ಹೊರ ಉಂಗುರಕ್ಕೆ, ಅಂದರೆ ಕಪ್ಪಿಗೆ ತಾಗಿ ನಿಂತ ಜಾಗದಲ್ಲೇ ತುಕ್ಕು ಕೂರುತ್ತದೆ. ಬಿಚ್ಚಿ ನೋಡಿದರೆ ಕಪ್ಪಿನ ಒಳಮೈಯಲ್ಲಿ ಸಮ ಅಂತರದ ಕರಿ ಗೆರೆಗಳು. ಆ ಗೆರೆಯ ಮೇಲೆ ರೋಲರು ಹಾಯುವಾಗಲೆಲ್ಲ ಸದ್ದು. ನಿನ್ನ ಎಡಗಾಲಿಯಲ್ಲಿ ಆಗಿರುವುದೂ ಅದೇ ಇರಬೇಕು ಎಂದು ನನ್ನ ಅಂದಾಜು.

ಪರೀಕ್ಷೆ ಮಾಡುವುದು ಕಲಿ, ಕಷ್ಟವಿಲ್ಲ. ಜಾಕ್ ಏರಿಸು, ಕೆಳಗೆ ಮರದ ದಿಮ್ಮಿ ಇಡದೆ ಕೈ ಹಾಕಬೇಡ. ಗಾಲಿಯ ಮೇಲ್ತುದಿ, ಕೆಳತುದಿ ಹಿಡಿದು ಅಲುಗಾಡಿಸು. ಸಡಿಲ ಆಟ ಸಿಕ್ಕಿದರೆ ತಕ್ಷಣ ಬೇರಿಂಗ್ ಹೋಯಿತು ಅನ್ನಬೇಡ. ಒಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿಸಿ ಮತ್ತೆ ಅಲುಗಾಡಿಸು. ಆಟ ನಿಂತರೆ ಬೇರಿಂಗಿನದು, ನಿಲ್ಲದಿದ್ದರೆ ಗಾಲಿಯನ್ನು ಎಡಬಲಕ್ಕೆ ಹೊರಳಿಸುವ ಕಿಂಗ್‌ಪಿನ್ನಿನದು. ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಎಡಕ್ಕೂ ಬಲಕ್ಕೂ ವಾಲಿಸಿ ನೋಡು. ಬಲಕ್ಕೆ ತಿರುಗಿಸಿದಾಗ ಸದ್ದು ಏರಿದರೆ ಎಡಗಾಲಿಯದು, ಭಾರ ಆ ಕಡೆ ಬೀಳುತ್ತದೆಯಲ್ಲ. ದಿನದ ಓಡಾಟ ಮುಗಿಸಿ ಇಳಿದಾಗ ನಾಲ್ಕೂ ಹಬ್ಬಿನ ಹತ್ತಿರ ಕೈಯ ಹಿಂಬದಿ ಹಿಡಿದು ನೋಡುವ ರೂಢಿ ಇಟ್ಟುಕೋ. ಒಂದು ಮಾತ್ರ ಉಳಿದವಕ್ಕಿಂತ ಬಿಸಿ ಇದ್ದರೆ ಮರುದಿನ ಗಾಡಿ ಹೊರಡಬಾರದು.

ಬಿಚ್ಚಿದಾಗ ಗ್ರೀಸ್ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಹೋಗಿದೆ ಎಂದು ತಿಳಿ. ಅದರ ಮೇಲೇ ಹೊಸ ಗ್ರೀಸ್ ಬಳಿದು ಮುಚ್ಚುವ ಗ್ಯಾರೇಜುಗಳನ್ನು ನೋಡಿದ್ದೇನೆ, ಅದು ಗಾಯ ತೊಳೆಯದೆ ಪಟ್ಟಿ ಕಟ್ಟಿದ ಹಾಗೆ. ಹಳೆಯದನ್ನೆಲ್ಲ ಸೀಮೆಎಣ್ಣೆ ಇಲ್ಲವೇ ಡೀಸೆಲಿನಲ್ಲಿ ತೊಳೆದು ಪೂರ್ತಿ ಒಣಗಿಸು. ಏರ್ ಹೊಡೆದು ಬೇರಿಂಗನ್ನು ಗಿರಗಿರ ತಿರುಗಿಸಬೇಡ, ರೋಲರು ಸಿಡಿದು ಕಣ್ಣಿಗೆ ಬಡಿದೀತು. ಆಮೇಲೆ ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು, ಬೇರಿಂಗಿನ ಅಗಲದ ಬದಿಯನ್ನು ಅದಕ್ಕೆ ಒತ್ತುತ್ತಾ ಹೋಗು. ಆ ಕಡೆಯ ಸಣ್ಣ ಬದಿಯಿಂದ ಗ್ರೀಸ್ ಉಕ್ಕಿ ಬರುವವರೆಗೆ ಬಿಡಬೇಡ. ಹಬ್ಬಿನ ಒಳಗೆ ಮಾತ್ರ ತುಂಬಿ ತುಳುಕಿಸಬೇಡ, ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಸಾಕು. ಹೆಚ್ಚಾದರೆ ಬಿಸಿಯಾಗಿ ಸೀಲ್ ತಳ್ಳಿಕೊಂಡು ಬ್ರೇಕ್ ಲೈನರಿಗೆ ಇಳಿಯುತ್ತದೆ. ಗ್ರೀಸ್ ಲಿಥಿಯಂ ಕಾಂಪ್ಲೆಕ್ಸ್, ಎರಡನೇ ನಂಬರಿನದು ತಗೋ. ಅಗ್ಗದ ಚಾಸಿ ಗ್ರೀಸ್ ಬ್ರೇಕಿನ ಬಿಸಿಗೆ ನೀರಾಗಿ ಹರಿಯುತ್ತದೆ.

ಇನ್ನು ನಟ್ಟಿನ ಮಾತು. ಇದನ್ನು ಹೇಳಲೆಂದೇ ಇಷ್ಟೆಲ್ಲ ಹೇಳಿದೆ. ನನಗೆ ನಿನ್ನ ವಯಸ್ಸು ಇದ್ದಾಗ ದಾಂಡೇಲಿಯ ನಾಟಾ ವ್ಯಾಪಾರಿಯೊಬ್ಬರ ಜೀಪು ಓಡಿಸುತ್ತಿದ್ದೆ. ಗಾಲಿ ಸಡಿಲವಾಗುವುದು ಬೇಡ ಎಂದು ಹಬ್ ನಟ್ಟನ್ನು ಇದ್ದ ಬಲವೆಲ್ಲ ಹಾಕಿ ಬಿಗಿದೆ. ಕುಂಬಾರವಾಡಾ ದಾಟಿ ಅಣಶಿ ಕಡೆ ಇಳಿಯುವಾಗ ಸುಟ್ಟ ವಾಸನೆ. ಬಿಚ್ಚಿದರೆ ರೋಲರು ನೀಲಿಗಟ್ಟಿತ್ತು, ಒಳಗಿನ ಉಂಗುರವಾದ ಕೋನ್ ಸ್ಪಿಂಡಲಿನ ಮೇಲೇ ತಿರುಗಿ ಅದನ್ನು ಕೊರೆದು ಹಾಕಿತ್ತು. ರಾತ್ರಿಯೆಲ್ಲ ಕಾಡಿನಲ್ಲಿ ಕೂತೆವು, ಜೊತೆಗೆ ಜ್ವರದ ಮಗುವಿದ್ದ ಒಂದು ಸಂಸಾರವಿತ್ತು. ಆ ಮಗುವಿನ ಅಳು ಇಂದಿಗೂ ನನ್ನ ಕಿವಿಯಲ್ಲಿದೆ.

ನೀನು ಹಾಗೆ ಮಾಡಬೇಡ. ಗಾಲಿಯನ್ನು ತಿರುಗಿಸುತ್ತಲೇ ನಟ್ಟು ಬಿಗಿ, ರೋಲರುಗಳು ತಮ್ಮ ಜಾಗದಲ್ಲಿ ಕೂರಲಿ. ಆಮೇಲೆ ಪೂರ್ತಿ ಸಡಿಲಿಸಿ ಬೆರಳಿನ ಬಲದಲ್ಲಷ್ಟೇ ಮತ್ತೆ ತಾಗಿಸು. ಇಂಥ ಹಬ್ಬಿಗೆ ಇರಬೇಕಾದ ಆಟ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು, ಅದಕ್ಕಿಂತ ಕಡಿಮೆಯಾದರೂ ಚಿಂತೆಯಿಲ್ಲ, ಸೊನ್ನೆ ದಾಟಿ ಬಿಗಿಯಾಗಬಾರದು. ನಿನ್ನ ಗಾಡಿಯ ಪುಸ್ತಕದಲ್ಲಿ ಬರೆದ ಅಳತೆ ಇದ್ದರೆ ಅದನ್ನೇ ಹಿಡಿ. ಎರಡನೇ ನಟ್ಟು ಬಿಗಿದಾಗ ಮೊದಲನೆಯದು ಸ್ವಲ್ಪ ಒಳಗೆ ಸರಿಯುತ್ತದೆ, ಅದಕ್ಕೇ ಕೊನೆಯಲ್ಲಿ ಇನ್ನೊಮ್ಮೆ ಗಾಲಿ ಅಲುಗಾಡಿಸಿ ನೋಡು. ಲಾಕ್ ವಾಷರ್ ಪ್ರತಿ ಸಲ ಹೊಸದು ಹಾಕು. ಮಡಚಿದ ಕಿವಿಯನ್ನು ಮತ್ತೆ ಮಡಚಿದರೆ ಮುರಿಯುತ್ತದೆ.

ದೊಡ್ಡ ಟಯರು, ಹೊರಗೆ ಚಾಚಿದ ರಿಮ್ಮು, ಸ್ಪೇಸರ್ ಹಾಕಿಸಬೇಕು ಅಂದೆ. ನನ್ನ ಮಾತು ಕೇಳು, ಅದು ಬೇಡ. ಗಾಲಿ ಹೊರಗೆ ಸರಿದಷ್ಟೂ ಬೇರಿಂಗಿನ ಮೇಲೆ ಸನ್ನೆಗೋಲಿನಂತೆ ಭಾರ ಬೀಳುತ್ತದೆ. ಆ ದುಡ್ಡಿನಲ್ಲಿ ನಾಲ್ಕು ಹಬ್ಬಿಗೂ ಟಿಮ್ಕೆನ್, ಎಸ್‌ಕೆಎಫ್ ಅಥವಾ ಜೈಪುರದ ಎನ್‌ಬಿಸಿ, ಇವುಗಳಲ್ಲಿ ಒಂದರ ಅಸಲಿ ಬೇರಿಂಗ್ ಹಾಕಿಸು. ನಕಲಿ ಮಾಲು ಡಬ್ಬಿ ಸಮೇತ ಬರುತ್ತದೆ, ಆದ್ದರಿಂದ ಅಧಿಕೃತ ಅಂಗಡಿಯಲ್ಲೇ ಬಿಲ್ ಹಾಕಿಸಿಕೊಂಡು ತಾ. ಕಪ್ಪನ್ನು ಹಳೆಯದೇ ಇಟ್ಟು ಕೋನ್ ಮಾತ್ರ ಬದಲಿಸಬೇಡ, ಎರಡೂ ಒಂದೇ ಜೋಡಿ. ಸೀಲ್ ಹೊಸದು, ಸ್ಪ್ರಿಂಗ್ ಇರುವ ತುಟಿ ಗ್ರೀಸಿನ ಕಡೆಗೆ. ಆಕ್ಸಲಿನ ಗಾಳಿಕಿಂಡಿಯಾದ ಬ್ರೀದರಿಗೆ ರಬ್ಬರ್ ನಳಿಕೆ ಹಾಕಿ ಬಾನೆಟ್ಟಿನ ಎತ್ತರಕ್ಕೆ ಕಟ್ಟು, ಆಗ ಹಳ್ಳದಲ್ಲಿ ಆಕ್ಸಲ್ ನೀರಿನ ಬದಲು ಗಾಳಿ ಎಳೆದುಕೊಳ್ಳುತ್ತದೆ. ನಿಜವಾದ ಅಪ್‌ಗ್ರೇಡ್ ಇಷ್ಟೇ. ನಿನ್ನ ಗೆಳೆಯನೊಬ್ಬ ಹೊಸ ಗಾಡಿ ಕೊಂಡಿದ್ದಾನಲ್ಲ, ಅದರ ಹಬ್ ಬೇರಿಂಗ್ ಪೂರ್ತಿ ಮುಚ್ಚಿದ್ದು, ಗ್ರೀಸ್ ಹಾಕಲು ಬಾರದು, ಸದ್ದು ಬಂದರೆ ಇಡೀ ಜೋಡಣೆ ಬದಲಿಸಬೇಕು. ಅವನಿಗೆ ಹೇಳು, ಸರ್ವಿಸ್ ಮಾಡಿಸುವಾಗ ಪ್ರೆಶರ್ ನೀರನ್ನು ನೇರ ಹಬ್ಬಿಗೆ ಹಿಡಿಯಲು ಬಿಡಬೇಡ ಎಂದು.

ಕಾಡಿನ ರಸ್ತೆಯಲ್ಲಿ ಗಾಲಿ ಕೈಕೊಟ್ಟರೆ ಇಳಿದು ನಡೆಯುವಂತಿಲ್ಲ, ಅದು ಹುಲಿ ಯೋಜನೆಯ ಕಾಡು. 2007ರಿಂದ ಅಣಶಿ–ದಾಂಡೇಲಿ, ಈಗ ಕಾಳಿ ಎಂಬ ಹೆಸರು. ಮೊಬೈಲ್ ಸಿಗ್ನಲ್ಲೂ ಎಲ್ಲ ಕಡೆ ಸಿಗದು. ಒಂದು ಜೋಡಿ ಬೇರಿಂಗ್, ಸೀಲ್, ಲಾಕ್ ವಾಷರ್, ಹಬ್ ನಟ್ಟಿನ ಪಾನಾ, ಒಂದು ಡಬ್ಬಿ ಗ್ರೀಸ್, ಇಷ್ಟು ಸೀಟಿನ ಕೆಳಗೆ ಇರಲಿ.

ಮಿರಗದ ಮಳೆ ಹಿಡಿಯುವ ಮೊದಲು ಒಂದು ಭಾನುವಾರ ಗಾಡಿ ತಗೊಂಡು ನಮ್ಮ ಮನೆಗೆ ಬಾ. ದೊಡ್ಡ ಪಾನಾ ನನ್ನ ಹತ್ತಿರವೇ ಇದೆ. ಎಡಗಾಲಿ ನೀನೇ ಬಿಚ್ಚು, ನಾನು ಪಕ್ಕದಲ್ಲಿ ಕೂರುತ್ತೇನೆ. ತೆಗೆದ ಹಳೇ ಬೇರಿಂಗನ್ನು ಮಾತ್ರ ಗುಜರಿಗೆ ಹಾಕಬೇಡ, ಬಿಸಿಲಿಗೆ ಹಿಡಿದು ಅದರ ಗೆರೆಗಳನ್ನು ಇಬ್ಬರೂ ನೋಡೋಣ.