ಮಾತು ಬಾರದ ಮಗುವಿಗೆ ಚಿತ್ರಫಲಕ

ಮಾತು ಬೇರೆ, ಭಾಷೆ ಬೇರೆ. ನಾಲಗೆಯಿಂದ ಹೊರಡುವ ಧ್ವನಿ ಮಾತು. ಮನಸ್ಸಿನ ಅರ್ಥವನ್ನು ಮತ್ತೊಬ್ಬರಿಗೆ ಮುಟ್ಟಿಸುವ ಸಂಕೇತಗಳ ವ್ಯವಸ್ಥೆ ಭಾಷೆ. ಮಿದುಳಿಗೆ ಪೆಟ್ಟಾಗಿ ತುಟಿ ನಾಲಗೆಗಳು ಸ್ವಾಧೀನದಲ್ಲಿಲ್ಲದ ಮಗುವಿಗೆ ಮೊದಲನೆಯದು ಇಲ್ಲದಿರಬಹುದು. ಆದರೆ ಎರಡನೆಯದೂ ಇಲ್ಲವೆಂದು ಭಾವಿಸುವುದು ನಮ್ಮ ತಪ್ಪು.

ಈ ತಪ್ಪನ್ನು ತಿದ್ದಿದ ಪ್ರಯತ್ನಗಳಲ್ಲಿ ಕೆನಡಾ ದೇಶದ ಟೊರಾಂಟೊ ನಗರದ್ದು ಪ್ರಸಿದ್ಧವಾದುದು. ಚಾರ್ಲ್ಸ್ ಬ್ಲಿಸ್ ಎಂಬ ರಸಾಯನ ಇಂಜಿನಿಯರನು ಷಾಂಘೈಯಲ್ಲಿ ನಿರಾಶ್ರಿತನಾಗಿದ್ದಾಗ ಚೀನೀ ಲಿಪಿಯನ್ನು ಕಂಡು, ಎಲ್ಲ ಭಾಷೆಯವರೂ ಓದಬಲ್ಲ ಚಿತ್ರಲಿಪಿಯೊಂದನ್ನು ರಚಿಸಿ 1949ರಲ್ಲಿ ಪ್ರಕಟಿಸಿದನು. ಹೃದಯದ ಆಕೃತಿಯ ಪಕ್ಕದಲ್ಲಿ ಮೇಲ್ಮುಖವಾದ ಬಾಣವಿದ್ದರೆ ಸಂತೋಷ, ಕೆಳಮುಖವಾಗಿದ್ದರೆ ದುಃಖ. 1971ರಲ್ಲಿ ಟೊರಾಂಟೊದ ಅಂಗವಿಕಲ ಮಕ್ಕಳ ಕೇಂದ್ರವೊಂದರಲ್ಲಿ ಶಿಕ್ಷಕಿ ಷರ್ಲಿ ಮೆಕ್‌ನಾಟನ್ ಮತ್ತು ಅವರ ಸಂಗಡಿಗರು ಈ ಲಿಪಿಯನ್ನು ಮಾತು ಬಾರದ ಮಕ್ಕಳ ಮುಂದಿಟ್ಟರು. ಮಕ್ಕಳು ಸಂಕೇತಗಳನ್ನು ಒಂದೊಂದಾಗಿ ತೋರಿಸಿ ವಾಕ್ಯಗಳನ್ನೇ ಕಟ್ಟತೊಡಗಿದರು.

ಇಂದು ಕೆನಡಾ, ಅಮೆರಿಕ ಮೊದಲಾದ ದೇಶಗಳ ಅನೇಕ ಆಟದ ಬಯಲುಗಳಲ್ಲಿ ಉಯ್ಯಾಲೆ, ಜಾರುಬಂಡೆಗಳ ಸಮೀಪ ಚಿತ್ರಫಲಕಗಳನ್ನು ನಿಲ್ಲಿಸಿರುತ್ತಾರೆ. ಚೌಕಚೌಕವಾಗಿ ಚಿತ್ರಗಳು, ಪ್ರತಿಯೊಂದರ ಜೊತೆಗೂ ಅದರ ಪದ. ಗಾಲಿಕುರ್ಚಿಯಲ್ಲಿ ಕುಳಿತ ಮಗುವಿಗೂ ಎಟುಕುವ ಎತ್ತರ.

ಇಂತಹ ಫಲಕವನ್ನು ರಚಿಸುವವರು ಎರಡು ಸಂಗತಿಗಳನ್ನು ಮರೆಯಬಾರದು. ಮೊದಲನೆಯದಾಗಿ, ವಸ್ತುಗಳ ಹೆಸರುಗಳಷ್ಟೇ ಸಾಲವು. ‘ಇನ್ನೂ’, ‘ನಿಲ್ಲಿಸು’, ‘ನನ್ನ ಸರದಿ’, ‘ನೋವು’ ಎಂಬವೂ ಇರಬೇಕು; ಎಲ್ಲಕ್ಕಿಂತ ಮುಖ್ಯವಾಗಿ ‘ಬೇಡ’ ಎಂಬುದಿರಬೇಕು. ‘ಬೇಡ’ವೆನ್ನಲು ಉಪಾಯವಿಲ್ಲದ ಮಗು ಎಲ್ಲವನ್ನೂ ಸಹಿಸಬೇಕು, ಇಲ್ಲವೆ ಅತ್ತು ಕಚ್ಚಿ ಹಟಮಾರಿಯೆನಿಸಿಕೊಳ್ಳಬೇಕು. ಎರಡನೆಯದಾಗಿ, ಮಾತು ಬಲ್ಲವರೂ ಮಾತನಾಡುತ್ತಲೇ ಚಿತ್ರಗಳನ್ನು ಮುಟ್ಟಿ ತೋರಿಸಬೇಕು. ಶಿಶುವು ಆಡುವ ಮೊದಲು ಬಹುಕಾಲ ಕೇಳುವುದಷ್ಟೆ. ಹಾಗೆಯೇ ಈ ಮಗುವೂ ತಾನು ತೋರಿಸುವ ಮೊದಲು ಇತರರು ತೋರಿಸುವುದನ್ನು ನೋಡಬೇಕು. ಯಾರೂ ಮುಟ್ಟದ ಫಲಕವು ಬರಿಯ ಹಲಗೆ.

ಚಿತ್ರದ ಆಸರೆ ದೊರೆತರೆ ಮಗು ಮಾತು ಕಲಿಯುವುದೇ ಇಲ್ಲವೆಂದು ಕೆಲವು ತಾಯ್ತಂದೆಯರು ಅಂಜುತ್ತಾರೆ. ಸಂಶೋಧನೆಗಳು ಈ ಅಂಜಿಕೆಯನ್ನು ಸಮರ್ಥಿಸುವುದಿಲ್ಲ. ಕೆಲವು ಮಕ್ಕಳಲ್ಲಿ ಮಾತು ಹೆಚ್ಚಿದುದೂ ಉಂಟು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ‘ಸಂವಹನ’ವೆಂಬುದರಲ್ಲಿ ಇಂತಹ ಪರ್ಯಾಯ ವಿಧಾನಗಳನ್ನು ಸೇರಿಸಿದೆ.

ತನ್ನ ಭಾಷೆ ತಿಳಿಯದವರ ಮುಂದೆ ಮೂಕನಾಗಿ ನಿಲ್ಲುವ ಸಂಕಟ ಗಡಿನಾಡಿನವರಾದ ನಮಗೆ ಅಪರಿಚಿತವಲ್ಲ. ಬಡಗಿಯೂ ಚಿತ್ರಕಲೆಯ ಅಧ್ಯಾಪಕರೂ ಸೇರಿದರೆ ನಮ್ಮ ಆಟದ ಬಯಲಿಗೂ ಒಂದು ಫಲಕ ಸಿದ್ಧವಾದೀತು. ಚಿತ್ರದ ಕೆಳಗೆ ಕನ್ನಡವೂ ಇರಲಿ, ರಾಜ್ಯಭಾಷೆಯೂ ಇರಲಿ. ಅದನ್ನು ಮೊದಲು ಮುಟ್ಟಿ ತೋರಿಸಬೇಕಾದವರು ನಾವು.