ಬಾಟಲಿಯ ಹಿಂಬದಿ ಓದು, ಪುಟ್ಟಿ

ಪುಟ್ಟಿ,

ಹೋದ ಭಾನುವಾರ ನೀನು ಸಿಂಗಯ್ಯನಪಾಳ್ಯದಲ್ಲಿ ಮೆಟ್ರೋ ಇಳಿದು ಮನೆಗೆ ಬಂದವಳೇ ಮೊಬೈಲಿನಲ್ಲಿ ಯಾವುದೋ ಪಾರ್ಲರಿನ ಬೋರ್ಡ್ ತೋರಿಸಿದೆ. ‘ಜೆಂಟಲ್ ಸ್ಮೂದನಿಂಗ್, ಕೆಮಿಕಲ್ ಕಡಿಮೆ’ ಅಂತ ಅದರಲ್ಲಿತ್ತು. “ಇದು ಸಾಫ್ಟಂತೆ ದೊಡ್ಡಮ್ಮ, ಏನೂ ಆಗಲ್ವಂತೆ. ನಿಶ್ಚಿತಾರ್ಥಕ್ಕೆ ಮೊದಲು ಮಾಡಿಸ್ಕೊಂಡುಬಿಡ್ತೀನಿ” ಅಂದೆ. ಒಲೆಯ ಮೇಲೆ ಒಗ್ಗರಣೆ ಇತ್ತು, ನಾನು ‘ಹೂಂ’ ಅಂದು ಸುಮ್ಮನಾದೆ. ಮೂವತ್ತು ವರ್ಷಕ್ಕೂ ಮೇಲೆ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಟ್ಟವಳಿಗೆ ‘ಕೆಮಿಕಲ್ ಕಡಿಮೆ’ ಎಂಬ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ಉಳಿದುಬಿಟ್ಟಿತು. ಆ ‘ಹೂಂ’ ವಾಪಸು ತೆಗೆದುಕೊಳ್ಳಲು ಈ ಕಾಗದ. ನಿನ್ನ ಪಿಜಿಯ ಹುಡುಗಿಯರಿಗೂ ಓದಿ ಹೇಳು. ಹುಡುಗರಿಗೂ ಹೇಳಬಹುದು, ಈಚೆಗೆ ಪಾರ್ಲರಿನ ಕುರ್ಚಿಯಲ್ಲಿ ತಲೆಗೆ ಕ್ರೀಮು ಹಚ್ಚಿಸಿಕೊಂಡು ಕೂತ ಗಂಡುಮಕ್ಕಳೂ ಕಾಣುತ್ತಾರೆ.

ಕೂದಲೆಂದರೆ ಕೆರಾಟಿನ್ ಎಂಬ ಪ್ರೋಟೀನು. ಅದರ ಎಳೆಗಳನ್ನು ಗಂಧಕದ ಜೋಡಿಗಳು ಏಣಿಯ ಮೆಟ್ಟಿಲಿನ ಹಾಗೆ ಒಂದಕ್ಕೊಂದು ಕಟ್ಟಿ ಹಿಡಿದಿರುತ್ತವೆ. ನೆತ್ತಿಯೊಳಗಿನ ಬುಡವೇ ಬಾಗಿದ್ದರೆ ಕೂದಲು ಸುರುಳಿಯಾಗಿಯೇ ಹೊರಗೆ ಬರುತ್ತದೆ. ತಿಂಗಳುಗಟ್ಟಲೆ ಅದನ್ನು ನೇರವಾಗಿ ನಿಲ್ಲಿಸಬೇಕಾದರೆ ಆ ಮೆಟ್ಟಿಲು ಮುರಿಯಬೇಕು, ಇಲ್ಲವೇ ಮೇಲೊಂದು ಹೊಸ ಕಟ್ಟು ಹಾಕಿ ಬಿಗಿಯಬೇಕು. ಎರಡೂ ಮೆತ್ತಗೆ ಆಗುವ ಕೆಲಸವಲ್ಲ. ಮೆತ್ತಗಿನದರಿಂದ ಆಗುವುದಾಗಿದ್ದರೆ ನಿಮ್ಮಜ್ಜಿಯ ಹರಳೆಣ್ಣೆಯಲ್ಲೇ ಆಗಿಬಿಡುತ್ತಿತ್ತು.

‘ಸೌಮ್ಯ’ ಎಂಬ ಪದ ಬಾಟಲಿಯ ಮೇಲೆ ಹೇಗೆ ಬಂತು ಹೇಳುತ್ತೇನೆ ಕೇಳು. ರಿಲ್ಯಾಕ್ಸರ್ ಎಂಬುದು ಅಮೆರಿಕದ ಕಪ್ಪು ಜನರ ಬಿಗಿ ಗುಂಗುರನ್ನು ನೇರ ಮಾಡಲೆಂದು ಮಾರುಕಟ್ಟೆಗೆ ಬಂದ ಸರಕು. ಹಳೆಯ ರಿಲ್ಯಾಕ್ಸರ್‌ನಲ್ಲಿ ಇದ್ದದ್ದು ಸೋಪು ಮಾಡಲು ಬಳಸುವ ಕಾಸ್ಟಿಕ್ ಸೋಡಾ. ನೆತ್ತಿ ಸುಟ್ಟವರ ದೂರು ಹೆಚ್ಚಾದ ಮೇಲೆ ‘ನೋ-ಲೈ’, ಅಂದರೆ ಕಾಸ್ಟಿಕ್ ಇಲ್ಲದ್ದು, ಎಂದು ಹೊಸದೊಂದು ‘ಸೌಮ್ಯ’ ಎಂಬ ಹೆಸರು ಹೊತ್ತು ಬಂತು. ಅದರಲ್ಲಿ ಸಾಮಾನ್ಯವಾಗಿ ಇರುವುದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಹಚ್ಚುವ ಹೊತ್ತಿಗೆ ಗ್ವಾನಿಡಿನ್ ಕಾರ್ಬೊನೇಟ್ ಬೆರೆಸುತ್ತಾರೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅಂದರೆ ಗೊತ್ತಲ್ಲ, ಸುಣ್ಣ. ಎಲೆ-ಅಡಿಕೆಗೆ ಸುಣ್ಣ ತುಸು ಹೆಚ್ಚಾದರೆ ನಾಲಿಗೆ ಏನಾಗುತ್ತದೆಂದು ನಿನ್ನ ಅಜ್ಜನನ್ನು ಕೇಳು. ಪಿಎಚ್ ಅಳೆದರೆ ಇದೂ 12ರ ಮೇಲೆಯೇ. ಉರಿ ಸ್ವಲ್ಪ ಕಡಿಮೆ ಎಂಬುದು ನಿಜ, ಆದರೆ ಕೂದಲಿನ ಮೇಲೆ ಸುಣ್ಣದ ಅಂಶ ಕೂತು ಅದು ಮತ್ತಷ್ಟು ಒಣಗುತ್ತದೆ. ಒಂದರ ಬದಲು ಇನ್ನೊಂದು ತೊಂದರೆ. ಬಾಟಲಿಯ ಮೇಲೆ ಮಾತ್ರ ಹೂವಿನ ಚಿತ್ರ.

ನಮ್ಮ ಕಡೆ ಹೆಚ್ಚು ನಡೆಯುವುದು ಇದಲ್ಲ, ರೀಬಾಂಡಿಂಗ್, ಸ್ಮೂದನಿಂಗ್, ಕೆರಾಟಿನ್. ರೀಬಾಂಡಿಂಗ್ ಕ್ರೀಮಿನಲ್ಲಿ ಕೆಲಸ ಮಾಡುವುದು ಥಯೋಗ್ಲೈಕಾಲೇಟ್. ಕೈಕಾಲಿನ ಕೂದಲು ತೆಗೆಯುವ ಕ್ರೀಮು ತರುತ್ತೀಯಲ್ಲ, ಅದರಲ್ಲಿರುವುದೂ ಇದೇ ಮನೆತನದ್ದು. ಹೊತ್ತು ಮತ್ತು ಪ್ರಮಾಣ ಬೇರೆ, ಅಷ್ಟೆ. ಗಂಧಕದ ಮೆಟ್ಟಿಲು ಮುರಿದು, ಕಾದ ಇಸ್ತ್ರಿಯಲ್ಲಿ ಕೂದಲನ್ನು ನೇರಮಾಡಿ, ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಮತ್ತೆ ಕಟ್ಟುತ್ತಾರೆ. ಕಟ್ಟುವಾಗ ಎಲ್ಲ ಮೆಟ್ಟಿಲೂ ಮೊದಲಿನ ಹಾಗೆ ಕೂರುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಪಾರ್ಲರಿನಲ್ಲಿ ಒಂದು ಬಗೆಯದು ಮಾಡಿಸಿಕೊಂಡು, ಐದು ತಿಂಗಳಿಗೆ ಇನ್ನೊಂದರಲ್ಲಿ ಬೇರೆ ಬಗೆಯದನ್ನು ಅದರ ಮೇಲೇ ಹಾಕಿಸಿಕೊಂಡಳು. ಮೊದಲು ಏನು ಹಚ್ಚಿದ್ದರು ಎಂದು ಎರಡನೆಯವರು ಕೇಳಲಿಲ್ಲ, ಇವಳು ಹೇಳಲಿಲ್ಲ. ವಾರದೊಳಗೆ ಕತ್ತಿನ ಮಟ್ಟಕ್ಕೆ ಕೂದಲು ಮುರಿದು ಮುರಿದು ಬಿತ್ತು. ನಮ್ಮ ಮನೆಗೆ ಬಂದಾಗ ದುಪಟ್ಟಾ ತಲೆಯ ಮೇಲಿಂದ ತೆಗೆಯಲೇ ಇಲ್ಲ.

ಇನ್ನು ‘ಕೆರಾಟಿನ್’. ಹೆಸರು ಕೇಳಿದರೆ ಕೂದಲಿಗೆ ಊಟ ಬಡಿಸುತ್ತಿದ್ದಾರೆ ಅನ್ನಿಸುತ್ತದೆ. ಹಲವು ಬಾಟಲಿಗಳಲ್ಲಿ ನಿಜವಾದ ಕೆಲಸಗಾರ ಫಾರ್ಮಾಲ್ಡಿಹೈಡ್. ನೀನು ಬಯಾಲಜಿ ಲ್ಯಾಬಿನಲ್ಲಿ ಕಪ್ಪೆ ಮುಳುಗಿಸಿಟ್ಟ ಜಾಡಿಯ ಮುಂದೆ ಮೂಗು ಮುಚ್ಚಿಕೊಂಡಿರಬೇಕಲ್ಲ, ಆ ಫಾರ್ಮಾಲಿನ್ ಇದರದೇ ದ್ರಾವಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ‘ಫಾರ್ಮಾಲ್ಡಿಹೈಡ್ ಮುಕ್ತ’ ಎಂದು ಬರೆದಿದ್ದರೆ ಆಯಿತಲ್ಲ ಎನ್ನುತ್ತೀಯ. 2010ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಪಾರ್ಲರ್ ಕೆಲಸಗಾರರು ಕಣ್ಣುರಿ, ಉಸಿರಾಟದ ತೊಂದರೆ ಎಂದು ದೂರು ಕೊಟ್ಟಾಗ ಅಲ್ಲಿನ ಸರ್ಕಾರಿ ಪರೀಕ್ಷಕರು ಹಾಗೆಯೇ ಬರೆದಿದ್ದ ಬಾಟಲಿಗಳನ್ನು ತಪಾಸಣೆ ಮಾಡಿಸಿದರು. ಒಳಗೆ ಫಾರ್ಮಾಲ್ಡಿಹೈಡ್ ಧಾರಾಳವಾಗಿ ಇತ್ತು. ನೀರಿನಲ್ಲಿ ಕರಗಿದಾಗ ಅದು ಮೀಥೈಲೀನ್ ಗ್ಲೈಕಾಲ್ ಎಂಬ ಹೆಸರು ಹೊತ್ತಿರುತ್ತದೆ. ಇಸ್ತ್ರಿ ಕಾದು ತಾಗಿದರೆ ಮತ್ತೆ ಹೊಗೆಯಾಗಿ ಹೊರಡುತ್ತದೆ. ವೇಷ ಕಳಚಿದ ಪಾತ್ರಧಾರಿ ಇದ್ದ ಹಾಗೆ.

ಅದು ಬೇಡವೆಂದು ಈಗ ಗ್ಲೈಆಕ್ಸಿಲಿಕ್ ಆಸಿಡ್ ಬಂದಿದೆ. ಇದೇ ಈ ಕಾಲದ ‘ಸಾಫ್ಟ್’. ಟುನೀಷಿಯಾದ 26 ವರ್ಷದ ಹುಡುಗಿಯೊಬ್ಬಳು 2020, 2021, 2022ರಲ್ಲಿ ಒಂದೊಂದು ಸಲ ಇದಿರುವ ಕ್ರೀಮಿನಿಂದ ಕೂದಲು ನೇರ ಮಾಡಿಸಿಕೊಂಡಳು. ಮೂರು ಸಲವೂ ವಾಂತಿ, ಜ್ವರ, ಬೆನ್ನುನೋವು. ಮೂರು ಸಲವೂ ಕಿಡ್ನಿ ಕೈಕೊಟ್ಟಿತು. ಪುಣ್ಯಕ್ಕೆ ಸುಧಾರಿಸಿಕೊಂಡಳು. ಫ್ರಾನ್ಸಿನ ವೈದ್ಯರು 2024ರಲ್ಲಿ ಇದನ್ನು ಬರೆದು ಪ್ರಕಟಿಸಿದರು. ಅದೇ ಕ್ರೀಮನ್ನು ಇಲಿಗಳ ಬೆನ್ನಿಗೆ ಹಚ್ಚಿ ನೋಡಿದಾಗ ಅವುಗಳ ಕಿಡ್ನಿಯಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಕಂಡವು. ಕಿಡ್ನಿ ಕಲ್ಲಿನಲ್ಲಿ ಸಾಮಾನ್ಯವಾಗಿ ಸಿಗುವ ವಸ್ತು ಅದು. ಇದು ಎಲ್ಲರಿಗೂ ಆಗುವುದಿಲ್ಲ. ಆದರೆ ನೆತ್ತಿಗೆ ಹಚ್ಚಿದ್ದು ನೆತ್ತಿಯಲ್ಲೇ ಉಳಿಯುತ್ತದೆ ಎಂಬ ನಂಬಿಕೆ ಬಿಡು.

ಒಂದು ದೊಡ್ಡ ಅಧ್ಯಯನವನ್ನೂ ಹೇಳಿಬಿಡುತ್ತೇನೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು 33,497 ಹೆಂಗಸರನ್ನು ಸುಮಾರು 11 ವರ್ಷ ಗಮನಿಸಿ 2022ರಲ್ಲಿ ವರದಿ ಕೊಟ್ಟರು. ಕೂದಲು ನೇರ ಮಾಡುವ ಔಷಧ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ನೂರಕ್ಕೆ 1.64. ವರ್ಷಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬಳಸಿದವರಲ್ಲಿ 4.05. ಯಾವ ಕಂಪನಿಯದು, ಒಳಗೆ ಏನಿತ್ತು ಎಂದು ಅವರು ಕೇಳಿರಲಿಲ್ಲ. ಇದರಿಂದಲೇ ಬಂತು ಎಂದು ಅವರೂ ಹೇಳಿಲ್ಲ. ನಾನೂ ಹೆದರಿಸುತ್ತಿಲ್ಲ. ಒಂದು ಸಲ ಮಾಡಿಸಿಕೊಂಡವಳಿಗೂ ಮೂರು ತಿಂಗಳಿಗೊಮ್ಮೆ ‘ಟಚಪ್’ ಎಂದು ಹೋಗುವವಳಿಗೂ ಲೆಕ್ಕ ಬೇರೆ, ಅದನ್ನು ನೋಡು. ಕೂದಲು ತಿಂಗಳಿಗೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ನಿಶ್ಚಿತಾರ್ಥಕ್ಕೆ ನೇರ ಮಾಡಿಸಿದರೆ ಮದುವೆಯ ಹೊತ್ತಿಗೆ ಬುಡದಲ್ಲಿ ಗುಂಗುರು, ತುದಿಯಲ್ಲಿ ನೇರ. ಮತ್ತೆ ಪಾರ್ಲರಿಗೆ ಓಡುತ್ತೀಯ. ಆಮೇಲೆ ಸೀಮಂತಕ್ಕೆ.

ಕುರ್ಚಿಯ ಹಿಂದೆ ನಿಂತಿರುವ ಹುಡುಗಿಯನ್ನು ಎಂದಾದರೂ ಮಾತಾಡಿಸಿದ್ದೀಯಾ? ಮಣಿಪುರದಿಂದಲೋ ಮಿಜೋರಾಂನಿಂದಲೋ ಇಷ್ಟು ದೂರ ದುಡಿಯಲು ಬಂದ ಮಗು. ನೀನು ಆ ಹೊಗೆಯಲ್ಲಿ ಮೂರು ಗಂಟೆ ಕೂತು ಎದ್ದು ಹೋಗುತ್ತೀಯ. ಅವಳು ದಿನಾ, ಎಸಿ ಹಾಕಿ ಕಿಟಕಿ ಮುಚ್ಚಿದ ಕೋಣೆಯಲ್ಲಿ, ಬಟ್ಟೆಯ ಮಾಸ್ಕಿನಲ್ಲಿ. ಆರೆಗಾನ್‌ನಲ್ಲಿ ಮೊದಲು ದೂರು ಕೊಟ್ಟವರೂ ಇಂಥವರೇ.

ನಿನ್ನ ಕೂದಲು ಒರಟಾಗಿದೆ ಎಂಬುದನ್ನು ನಾನು ಒಪ್ಪುತ್ತೇನೆ. ಅದಕ್ಕೆ ಗುಂಗುರನ್ನು ಬೈಯಬೇಡ, ನೀರನ್ನು ಬೈಯಿ. ತೀರ್ಥಹಳ್ಳಿಯಲ್ಲಿ ತುಂಗೆಯ ನೀರಿನಲ್ಲಿ ಮಿಂದು ಬೆಳೆದ ತಲೆ ಬೆಂಗಳೂರಿಗೆ ಬಂದು ಟ್ಯಾಂಕರಿನ ಬೋರ್ ನೀರಿಗೆ ಸಿಕ್ಕಿಕೊಂಡಿದೆ. ನಮ್ಮ ಈ ಮಹದೇವಪುರ 2007ರಲ್ಲಿ ಬಿಬಿಎಂಪಿಗೆ ಸೇರುವ ತನಕ ಬೇರೆಯದೇ ನಗರಸಭೆ. ಆಗ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ಕ್ಕೆ, ದಿನಕ್ಕೆ 775 ದಶಲಕ್ಷ ಲೀಟರ್ ಲೆಕ್ಕದಲ್ಲಿ. ನಿನ್ನ ಪಿಜಿಯ ನಲ್ಲಿಯಲ್ಲಿ ಬರುವುದು ಯಾವ ನೀರು ಎಂದು ಓನರನ್ನು ಕೇಳು. ಬಕೆಟ್ಟಿನ ಒಳಗೆ ಬಿಳಿ ಪಟ್ಟಿ ಕಟ್ಟುತ್ತಿದ್ದರೆ ಉತ್ತರ ಅಲ್ಲೇ ಇದೆ. ಆ ಬಿಳಿಯೇ ಕೂದಲಿಗೂ ಹತ್ತುತ್ತದೆ. ಕೊನೆಯ ಎರಡು ಚೊಂಬನ್ನಾದರೂ ಫಿಲ್ಟರ್ ನೀರಿನಲ್ಲಿ ಹಾಕಿಕೋ, ಅದಕ್ಕೆ ನಾಲ್ಕು ಹನಿ ನಿಂಬೆರಸ ಬಿಡು. ದಾಸವಾಳದ ಎಲೆಯ ಲೋಳೆ ಹಚ್ಚಿ, ಒದ್ದೆ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸು. ಟವೆಲಿನಲ್ಲಿ ತಿಕ್ಕಬೇಡ, ಅಪ್ಪನ ಹಳೆಯ ಪಂಚೆ ಒಂದನ್ನು ತರಿಸಿಕೋ, ಅದರಲ್ಲಿ ಒತ್ತಿ ಒರೆಸು. ಮೂರು ತಿಂಗಳು ಮಾಡಿ ನೋಡಿ ಆಮೇಲೆ ಮಾತಾಡು.

ಗುಂಗುರು ಅಂದವಲ್ಲ ಎಂದು ನಿನಗೆ ಹೇಳಿದವರು ಯಾರು? ನಮ್ಮ ಕವಿಗಳು ಕುರುಳು, ಮುಂಗುರುಳು, ಅಳಕ ಎಂದು ಇದೇ ಸುರುಳಿಗೆ ಎಷ್ಟು ಹೆಸರಿಟ್ಟರು. ಈ ನಾಡಿನ ಒಂದು ಭಾಗಕ್ಕೆ ಹಿಂದೆ ಕುಂತಲ ಎಂದೇ ಹೆಸರಿತ್ತು. ಆ ಪದಕ್ಕೆ ಕೂದಲೆಂಬ ಅರ್ಥವೂ ಇದೆ. ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿ ಹೆಣ್ಣುಮಕ್ಕಳ ಬಿಗಿ ಗುಂಗುರು ನೋಡಿ ಬಸ್ಸಿನಲ್ಲಿ ನಗುವವರನ್ನು ನಾನೇ ಕಂಡಿದ್ದೇನೆ. ಅವರೂ ಕನ್ನಡದವರೇ, ಅದೂ ಕನ್ನಡದ ಕೂದಲೇ. ಅಮೆರಿಕದಲ್ಲಿ ಕಪ್ಪು ಜನರಿಗೆ ತಮ್ಮ ಸಹಜ ಕೂದಲಿನಲ್ಲೇ ಕೆಲಸಕ್ಕೆ, ಶಾಲೆಗೆ ಹೋಗುವ ಹಕ್ಕಿಗಾಗಿ ಕಾನೂನೇ ಬೇಕಾಯಿತು; ಕ್ಯಾಲಿಫೋರ್ನಿಯಾ 2019ರಲ್ಲಿ ಮೊದಲು ಮಾಡಿತು. ಕೂದಲು ನೇರ ಮಾಡಿಸಿಕೋ ಎಂದು ನಿನ್ನ ಆಫೀಸಿನಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ. ಗಂಡಿನ ಕಡೆಯವರು ಹೇಳಿದ್ದಾರೆಯೇ? ಹೇಳಿದ್ದರೆ ನನಗೆ ತಿಳಿಸು, ನಾನು ಅವರ ಹತ್ತಿರ ಮಾತಾಡುತ್ತೇನೆ.

ನಾನೇನೂ ದೊಡ್ಡ ಆದರ್ಶವಾದಿಯಲ್ಲ. ನಿನ್ನ ವಯಸ್ಸಿನಲ್ಲಿ ಹರಳೆಣ್ಣೆ ಸುರಿದು, ಕಣ್ಣು ಮೇಲಕ್ಕೆ ಎಳೆಯುವಷ್ಟು ಬಿಗಿಯಾಗಿ ಹೆರಳು ಹಾಕಿಕೊಂಡು ನನ್ನ ಗುಂಗುರನ್ನು ನಾನೂ ಬಚ್ಚಿಟ್ಟವಳೇ. ಎಳೆದೂ ಎಳೆದೂ ಬೈತಲೆ ಅಗಲವಾದದ್ದು ಈಗ ನಿನಗೂ ಕಾಣುತ್ತದೆ.

ನನ್ನ ತೀರ್ಮಾನ ಕೇಳುತ್ತೀಯಾದರೆ, ಬೇಡ. ನಿಶ್ಚಿತಾರ್ಥದ ಒಂದು ದಿನಕ್ಕೆ ನೇರ ಜಡೆಯೇ ಬೇಕೆಂದರೆ ಬರೀ ಇಸ್ತ್ರಿ ಹಾಕಿಸಿಕೋ. ಬರೀ ಶಾಖ ಸಡಿಲಿಸುವುದು ಹೈಡ್ರೋಜನ್ ಕಟ್ಟುಗಳನ್ನು. ತಲೆಗೆ ನೀರು ಹಾಕಿಕೊಂಡರೆ ಗುಂಗುರು ತಾನಾಗಿ ಮರಳುತ್ತದೆ. ಅದನ್ನೂ ದಿನಾ ಮಾಡಬೇಡ. ಇಷ್ಟು ಹೇಳಿದ ಮೇಲೂ ಮಾಡಿಸಿಕೊಳ್ಳುವುದೇ ಎಂದಾದರೆ, ತಲೆ ನಿನ್ನದು, ನಾನು ಮುನಿಸಿಕೊಳ್ಳುವುದಿಲ್ಲ. ನೆತ್ತಿಯಲ್ಲಿ ಗಾಯ, ಕೆರೆತ ಇದ್ದರೆ ಹೋಗಬೇಡ. ಹಿಂದೆ ಹಚ್ಚಿದ ಬಣ್ಣ, ಮೆಹಂದಿ ಎಲ್ಲವನ್ನೂ ಮೊದಲೇ ಹೇಳು. ಒಂದು ಎಳೆಯ ಮೇಲೆ ಹಚ್ಚಿ ನೋಡಲು ಹೇಳು, ಬುಡಕ್ಕೆ ತಾಗಿಸಬೇಡಿ ಅನ್ನು, ಕಿಟಕಿ ತೆಗೆಸು. ಆ ಹುಡುಗಿಗೂ ಗಾಳಿ ಬರಲಿ. ಉರಿದರೆ ‘ಇನ್ನೈದು ನಿಮಿಷ’ ಅನ್ನುವವರ ಮಾತು ಕೇಳದೆ ಎದ್ದು ತೊಳೆದುಕೋ. ಬಸುರಿನಲ್ಲಂತೂ ಅದರ ಹತ್ತಿರ ಸುಳಿಯಬೇಡ.

ಸಾಮಾನಿನಲ್ಲಿ ಏನೇನಿದೆ ಎಂದು ಲೇಬಲಿನ ಮೇಲೆ ಬರೆಯಲೇಬೇಕು, ಅದು ನಮ್ಮ ದೇಶದ ನಿಯಮ. ಲೇಬಲ್ ಕಿತ್ತ ಡಬ್ಬಿಯಿಂದ, ಬಟ್ಟಲಿಗೆ ಮೊದಲೇ ಸುರಿದಿಟ್ಟದ್ದರಿಂದ ಹಚ್ಚಲು ಬಂದರೆ ಎದ್ದು ಬಾ. ಇಲ್ಲವಾದರೆ ಕುರ್ಚಿಯಲ್ಲಿ ಕೂರುವ ಮೊದಲು ಬಾಟಲಿಯ ಹಿಂಬದಿಯ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡು. ಅಕ್ಷರ ಎಷ್ಟೇ ಸಣ್ಣದಿರಲಿ, ಕನ್ನಡಕ ಹಾಕಿಕೊಂಡು ಓದಿ ಹೇಳುತ್ತೇನೆ. ನಾನು ಫೋನ್ ಮಾಡುವ ತನಕ ಮಾತ್ರ ಕೂರಬೇಡ.

ನಿನ್ನ
ದೊಡ್ಡಮ್ಮ